ಎಸ್‌ಟಿಪಿ ವರದಿ ಫೇಲಾಯಿತೇ? ಮೊದಲು ಒಂದು ಲೀಟರ್ ಜಾಡಿ ತನ್ನಿ

ಕೊಳಚೆ ನೀರು ಶುದ್ಧೀಕರಿಸುವ ಘಟಕ (ಎಸ್‌ಟಿಪಿ) ಇರುವ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಸಮ್ಮತಿ ಪತ್ರದಲ್ಲಿ ಶುದ್ಧೀಕರಿಸಿದ ನೀರಿನ ಬಿಒಡಿ (ನೀರಿನಲ್ಲಿ ಉಳಿದ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕದ ಅಳತೆ) ಸಾಮಾನ್ಯವಾಗಿ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂದಿರುತ್ತದೆ. ಲ್ಯಾಬ್ ವರದಿಯಲ್ಲಿ 38 ಬಂತೆನ್ನಿ. ಅಸೋಸಿಯೇಷನ್‌ನವರು ಕೂಡಲೇ ಕಾರ್ಬನ್ ಫಿಲ್ಟರಿನ ಇದ್ದಿಲು ಬದಲಿಸುತ್ತಾರೆ. ಎರಡು ತಿಂಗಳಲ್ಲಿ ವರದಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಫಿಲ್ಟರಿನದ್ದೇ ತಪ್ಪಾಗಿರುವುದು ಅಪರೂಪ. ಕೆಟ್ಟಿರುವುದು ಅದಕ್ಕೂ ಹಿಂದಿನ, ಕೊಳಚೆಗೆ ಗಾಳಿ ಊದುವ ಏರೇಷನ್ ಟ್ಯಾಂಕು. ಕೊಳಚೆಯನ್ನು ತಿಂದು ನೀರು ತಿಳಿಯಾಗಿಸುವ ಬ್ಯಾಕ್ಟೀರಿಯಾ ಇರುವುದು ಅಲ್ಲಿ.

ಅದರ ಆರೋಗ್ಯ ನೋಡಲು ಲ್ಯಾಬ್ ಬೇಡ, 1,000 ಮಿ.ಲೀ. ಗುರುತಿರುವ ಜಾಡಿ ಸಾಕು. ಗಾಳಿ ಊದುವ ಯಂತ್ರ (ಬ್ಲೋವರ್) ಓಡುತ್ತಿರುವಾಗಲೇ ಟ್ಯಾಂಕಿನ ನೀರು ತುಂಬಿ, ನೆರಳಲ್ಲಿ ಅಲುಗಾಡಿಸದೆ 30 ನಿಮಿಷ ಇಡಿ. ಕೆಸರು 250ರಿಂದ 350ರ ಗೆರೆಯ ನಡುವೆ ಕೂತು, ಮೇಲಿನ ನೀರು ತಿಳಿಯಾಗಿದ್ದರೆ ಸರಿ. ಬಣ್ಣ ಚಾಕೊಲೇಟ್ ಕಂದು ಇರಬೇಕು, ವಾಸನೆ ನೆನೆದ ಮಣ್ಣಿನದ್ದಿರಬೇಕು. ಕಪ್ಪಾಗಿ ಕೊಳೆತ ಮೊಟ್ಟೆಯಂತೆ ನಾರಿದರೆ ಗಾಳಿ ಸಾಲುತ್ತಿಲ್ಲ. 100ಕ್ಕೂ ಕೆಳಗಿಳಿದರೆ ಬ್ಯಾಕ್ಟೀರಿಯಾ ತೀರಾ ಕಡಿಮೆಯಾಗಿವೆ. ಯಾರೋ ಆಸಿಡ್ಡನ್ನೋ, ನೀರಿನ ಟ್ಯಾಂಕು ತೊಳೆದ ಬ್ಲೀಚಿಂಗ್ ನೀರನ್ನೋ ಒಮ್ಮೆಲೇ ಚರಂಡಿಗೆ ಬಿಟ್ಟಿರಬಹುದು.

600 ದಾಟಿದರೆ ಎರಡು ಸಾಧ್ಯತೆ: ಕೆಸರು ವಿಪರೀತ ತುಂಬಿರಬಹುದು, ಇಲ್ಲವೇ ನೂಲಿನಂಥ ಬ್ಯಾಕ್ಟೀರಿಯಾ ಬೆಳೆದು ಕೆಸರು ಹಗುರಾಗಿರಬಹುದು. ಯಾವುದೆಂದು ತಿಳಿಯಲು ಅದೇ ನೀರಿಗೆ ಸಮ ಪ್ರಮಾಣದಲ್ಲಿ ಶುದ್ಧೀಕರಿಸಿದ ನೀರು ಬೆರೆಸಿ ಮತ್ತೆ 30 ನಿಮಿಷ ಇಡಿ. ಬೇಗ ಕೂತರೆ ಕೆಸರು ಹೆಚ್ಚಾಗಿದೆ, ತೆಗೆಯಬೇಕು. ಆಗಲೂ ಹತ್ತಿಯಂತೆ ತೇಲಾಡುತ್ತಿದ್ದರೆ ಗಾಳಿಯ ಕೊರತೆಯನ್ನೋ, ಎಣ್ಣೆ ಜಿಡ್ಡನ್ನೋ ಹುಡುಕಬೇಕು.

ಹೆಚ್ಚಿನ ಕಡೆ ಕಾಣುವುದು ಮೊದಲನೆಯದೇ. ಕೆಸರು ಹೊರತೆಗೆಯುವುದು ಆಪರೇಟರಿಗೆ ಕೊಳಕು ಕೆಲಸ, ಕೆಸರಿನ ನೀರು ಹಿಂಡುವ ಫಿಲ್ಟರ್ ಪ್ರೆಸ್ ತೊಳೆಯುವುದು ಇನ್ನೂ ಬೇಜಾರು. ಹಾಗಾಗಿ ಮುಂದೂಡುತ್ತ ಹೋಗುತ್ತಾರೆ. ಎಷ್ಟು ತೆಗೆಯಬೇಕೆಂಬ ಲೆಕ್ಕ ಕಷ್ಟದ್ದಲ್ಲ. 200 ಮನೆ, ಮನೆಗೆ ನಾಲ್ವರು, ತಲೆಗೆ 135 ಲೀಟರ್ ನೀರು, ಅದರಲ್ಲಿ ಶೇ. 85 ಕೊಳಚೆ ಎಂದರೆ ದಿನಕ್ಕೆ ಸುಮಾರು 92,000 ಲೀಟರ್. ಕೊಳಚೆಯ ಬಿಒಡಿ ಲೀಟರಿಗೆ 300 ಮಿಲಿಗ್ರಾಂ ಎಂದು ಹಿಡಿದರೆ ಬ್ಯಾಕ್ಟೀರಿಯಾಕ್ಕೆ ದಿನಕ್ಕೆ ಸುಮಾರು 27 ಕಿಲೋ ತಿನಿಸು ಬರುತ್ತದೆ. ಕಿಲೋಗೆ ಕಾಲು ಕಿಲೋದಂತೆ 7 ಕಿಲೋದಷ್ಟು ಹೊಸ ಕೆಸರು ಹುಟ್ಟುತ್ತದೆ, ಅದೂ ಒಣ ತೂಕದಲ್ಲಿ. ಕೆಸರು ಕೂರುವ ಟ್ಯಾಂಕಿನಿಂದ ಮರಳಿ ಬರುವ ಕೆಸರು ನೀರಿನಲ್ಲಿ ಶೇ. 1ರಷ್ಟು ಗಟ್ಟಿ ಇದ್ದರೆ ದಿನಕ್ಕೆ 700 ಲೀಟರ್ ಹೊರಹೋಗಲೇಬೇಕು. ವಾರಗಟ್ಟಲೆ ಬಿಟ್ಟು ಒಂದೇ ದಿನ ಅರ್ಧ ಟ್ಯಾಂಕು ಖಾಲಿ ಮಾಡುವುದಂತೂ ದೊಡ್ಡ ತಪ್ಪು. ಆಗ ಒಳ್ಳೆಯ ಬ್ಯಾಕ್ಟೀರಿಯಾವೂ ಜೊತೆಗೇ ಹೋಗುತ್ತವೆ.

ಕೆಸರು ತೆಗೆಯದಿರುವುದು ಒಂದು ರೋಗವಾದರೆ, ಎರಡನೆಯದು ಕರೆಂಟ್ ಉಳಿತಾಯದ್ದು. ರಾತ್ರಿ ಹತ್ತಕ್ಕೆ ಬ್ಲೋವರ್ ನಿಲ್ಲಿಸಿ ಬೆಳಗ್ಗೆ ಆರಕ್ಕೆ ಹಾಕುತ್ತಾರೆ. ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇದ್ದರೂ ಗಾಳಿ ನಿಂತ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಮೊದಲು ಏಟು ಬೀಳುವುದು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳಿಗೆ. ಅವು ನಿಧಾನವಾಗಿ ಬೆಳೆಯುವಂಥವು, ಒಮ್ಮೆ ಕಡಿಮೆಯಾದರೆ ಚೇತರಿಸಲು ವಾರಗಳೇ ಬೇಕು. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ 4.57 ಮಿಲಿಗ್ರಾಂ ಆಮ್ಲಜನಕ ಬೇಕು. ಗಾಳಿಯಲ್ಲಿ ಜಿಪುಣತನ ಮಾಡಿದರೆ ಅಮೋನಿಯಾ ಇಳಿಯುವುದಿಲ್ಲ. ಕರೆಂಟ್ ಉಳಿಸಲೇಬೇಕಿದ್ದರೆ ಬ್ಲೋವರಿಗೆ ಮೋಟಾರಿನ ವೇಗ ಹೊಂದಿಸುವ ವಿಎಫ್‌ಡಿ ಹಾಕಿಸಿ, ಆಮ್ಲಜನಕ 2ರ ಆಸುಪಾಸು ನಿಲ್ಲುವಂತೆ ವೇಗ ತಗ್ಗಿಸಿ. ಟ್ಯಾಂಕಿನ ಒಂದೇ ಕಡೆ ನೀರು ಕೊತಕೊತ ಕುದಿಯುವಂತೆ ಕಂಡರೆ ಅಲ್ಲಿನ ಡಿಫ್ಯೂಸರ್ (ತಳದಲ್ಲಿ ಗಾಳಿಯ ಗುಳ್ಳೆ ಬಿಡುವ ಪೊರೆ) ಹರಿದಿದೆ. ಬ್ಲೋವರಿನ ಒತ್ತಡ ದಿನೇದಿನೇ ಏರುತ್ತಿದ್ದರೆ ಡಿಫ್ಯೂಸರ್ ಕಟ್ಟಿಕೊಳ್ಳುತ್ತಿದೆ.

ಅಮೋನಿಯಾ ಉಳಿದರೆ ಕ್ಲೋರಿನ್ ಕೆಲಸವೂ ಕೆಡುತ್ತದೆ. ಸುರಿದ ಹೈಪೋವನ್ನು (ಕ್ಲೋರಿನ್ ಇರುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ) ಅಮೋನಿಯಾ ಹಿಡಿದುಕೊಳ್ಳುತ್ತದೆ, ಮಲದಲ್ಲಿರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸುಲಭವಾಗಿ ಸಾಯುವುದಿಲ್ಲ. ಎಲ್ಲ ಸರಿಯಿದ್ದಾಗ ಲೀಟರಿಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಮೇಲಿನ 92,000 ಲೀಟರಿಗೆ ಶೇ. 10ರ ಹೈಪೋ ಸುಮಾರು 4.6 ಲೀಟರ್ ಸಾಕು. ಅರ್ಧ ಗಂಟೆಯ ನಂತರ 0.5ರಿಂದ 1 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಹೈಪೋ ಕ್ಯಾನನ್ನು ಬಿಸಿಲಿಗೆ ಇಡಬೇಡಿ, ಕಸುವು ಕಳೆದುಕೊಳ್ಳುತ್ತದೆ.

ಮಾದರಿ ತೆಗೆಯುವಲ್ಲೇ ವರದಿ ಕೆಡುವುದೂ ಉಂಟು. ಕೋಲಿಫಾರ್ಮ್ ಪರೀಕ್ಷೆಯ ಬಾಟಲಿ ಕ್ರಿಮಿರಹಿತವಾಗಿದ್ದು, ಅದರಲ್ಲಿ ಕ್ಲೋರಿನ್ ಅಳಿಸುವ ಸೋಡಿಯಂ ಥಯೋಸಲ್ಫೇಟ್ ಇರಲೇಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಕೊಲ್ಲುತ್ತಲೇ ಇರುತ್ತದೆ, ಬರುವ ಅಂಕಿ ನಿಜವಾಗಿರುವುದಿಲ್ಲ. ಬಿಒಡಿ ಬಾಟಲಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಲ್ಯಾಬಿಗೆ ಮುಟ್ಟಿಸಿ. ನಮ್ಮಲ್ಲಿ ಬಿಒಡಿಯನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆಯುತ್ತಾರೆ. 5 ದಿನದ ಹಳೆಯ ಪದ್ಧತಿಯ ಅಂಕಿಯ ಜೊತೆ ಹೋಲಿಸುವ ಮುನ್ನ ಇದನ್ನು ನೋಡಿಕೊಳ್ಳಿ.

ಲಾಗ್ ಬುಕ್ಕಿಗೆ ಬರೋಣ. ಒಳಬರುವ, ಹೊರಹೋಗುವ ನೀರಿಗೆ ಒಂದೊಂದು ಫ್ಲೋ ಮೀಟರ್, ಎಸ್‌ಟಿಪಿಗೇ ಬೇರೆ ಕರೆಂಟ್ ಮೀಟರ್ ಇರಲಿ. 7.5 ಎಚ್‌ಪಿ ಬ್ಲೋವರ್ 20 ಗಂಟೆ ಓಡಿತೆಂದು ಬರೆದಿದ್ದರೆ ಪೂರ್ಣ ಹೊರೆಯಲ್ಲಿ ಅದಕ್ಕೇ ಸುಮಾರು 112 ಯೂನಿಟ್ ಬೇಕು. ಇಡೀ ಎಸ್‌ಟಿಪಿ ಮೀಟರ್ 60 ತೋರಿಸಿದರೆ ಆ ಪುಟ ಕೂತಲ್ಲೇ ತುಂಬಿದ್ದು. ತಪಾಸಣೆಗೆ ಬರುವವರಿಗೂ ಇದು ಎರಡು ನಿಮಿಷದ ಲೆಕ್ಕ. ಮಂಡಳಿ ಹೇಳಲಿ ಬಿಡಲಿ, ಜಾಡಿಯ ಅಂಕಿ, ತೆಗೆದ ಕೆಸರಿನ ಲೀಟರ್, ಬ್ಲೋವರ್ ಒತ್ತಡ ಈ ಮೂರನ್ನೂ ದಿನಾ ಬರೆಸಿ.

ಇಷ್ಟರ ನಡುವೆ ಆಪರೇಟರಿನ ಜೀವ ಮರೆಯಬಾರದು. ಮುಚ್ಚಿದ ಕೊಳಚೆ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ತಳದಲ್ಲಿ ನಿಂತಿರುತ್ತದೆ. ಅದು 100 ಪಿಪಿಎಂ ಮುಟ್ಟಿದರೆ ಮೂಗು ವಾಸನೆಯನ್ನೇ ಗುರುತಿಸದು, ಹಾಗಾಗಿ ನಾತವಿಲ್ಲವೆಂದು ನಂಬಿ ಇಳಿಯುವಂತಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ, ಒಳಚರಂಡಿಗೆ ಮನುಷ್ಯರನ್ನು ಇಳಿಸುವುದು ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯಂತೆ ಅಪರಾಧ. ಒಬ್ಬ ಬಿದ್ದಾಗ ಎತ್ತಲು ಇಳಿದವನೂ ಸಾಯುತ್ತಾನೆ. ಜನ ಹೆಚ್ಚು ಇಳಿಯುವುದು ಕಟ್ಟಿಕೊಂಡ ಪಂಪ್ ಬಿಚ್ಚಲೆಂದು. ಹೊಸ ಸಬ್‌ಮರ್ಸಿಬಲ್ ಪಂಪ್ ತರಿಸುವಾಗ ಗೈಡ್ ರೈಲು ಮತ್ತು ಸ್ಟೇನ್‌ಲೆಸ್ ಸರಪಳಿಯ ಜೊತೆಗೇ ತರಿಸಿ. ಮೇಲೆ ನಿಂತೇ ಎಳೆದುಕೊಳ್ಳಬಹುದು, ಯಾರೂ ಇಳಿಯಬೇಕಿಲ್ಲ.