ಪ್ರೈಮಾಕ್ವಿನ್, ಹಳೆಯ ರಕ್ತಕಣ ಮತ್ತು ಅರ್ನೆಸ್ಟ್ ಬ್ಯೂಟ್ಲರ್

ಮಲೇರಿಯಾ ಔಷಧ ಪ್ರೈಮಾಕ್ವಿನ್ ಶುರುವಾದ ಕೆಲವೇ ದಿನಗಳಲ್ಲಿ ಮೂತ್ರ ಕಪ್ಪಾಗಿ, ಹಿಮೋಗ್ಲೋಬಿನ್ ಕುಸಿದ ರೋಗಿಗೆ, ಕೆಂಪು ಕಣವನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದೆಯೇ ಎಂದು ಪರೀಕ್ಷೆ ಮಾಡಿಸಿದರೆ ‘ನಾರ್ಮಲ್’ ಎಂದು ಬರುವುದುಂಟು. ಪ್ರಯೋಗಾಲಯ ಎಡವಿದೆ ಎಂದೇನಲ್ಲ. ಇದಕ್ಕೆ ಕಾರಣ 1950ರ ದಶಕದಲ್ಲಿ ರಕ್ತತಜ್ಞ ಅರ್ನೆಸ್ಟ್ ಬ್ಯೂಟ್ಲರ್ ಮತ್ತು ಸಂಗಡಿಗರು ಮಾಡಿದ ಪ್ರಯೋಗಗಳಲ್ಲೇ ಇದೆ.

ಬ್ಯೂಟ್ಲರ್ (1928–2008) ಹುಟ್ಟಿದ್ದು ಬರ್ಲಿನ್ನಿನ ಯಹೂದಿ ಕುಟುಂಬದಲ್ಲಿ. ನಾಜಿಗಳ ಕಾಲದಲ್ಲಿ ಕುಟುಂಬ ಅಮೆರಿಕ ಸೇರಿತು. ಷಿಕಾಗೋದಲ್ಲಿ ವೈದ್ಯ ಪದವಿ ಪಡೆದ ಮೇಲೆ ಆಲ್ವಿಂಗ್ ಎಂಬ ವೈದ್ಯರ ಮಲೇರಿಯಾ ಸಂಶೋಧನಾ ತಂಡದಲ್ಲಿ ಕೆಲಸ. ಪ್ರಯೋಗಗಳು ನಡೆದದ್ದು ಇಲಿನಾಯ್ಸ್‌ನ ಸ್ಟೇಟ್‌ವಿಲ್ ಜೈಲಿನ ಕೈದಿಗಳ ಮೇಲೆ. ಇವತ್ತಿನ ಯಾವ ನೈತಿಕ ಸಮಿತಿಯೂ ಇದನ್ನು ಒಪ್ಪುವುದು ಕಷ್ಟ.

ಪ್ರೈಮಾಕ್ವಿನ್ ತಾಳದವರ ರಕ್ತಕಣಗಳಿಗೆ ವಿಕಿರಣಶೀಲ ಕ್ರೋಮಿಯಂ-51ರ ಗುರುತು ಹಾಕಿ, ತಾಳುವವರ ದೇಹಕ್ಕೆ ಕೊಟ್ಟರು. ಮಾತ್ರೆ ನುಂಗಿದಾಗ ಆ ಕಣಗಳಷ್ಟೇ ಒಡೆದವು. ಹಾಗಾಗಿ ದೋಷ ಕಣದೊಳಗೇ ಇದೆ, ಸುತ್ತಲಿನ ಪ್ಲಾಸ್ಮಾದಲ್ಲಲ್ಲ. ಇನ್ನೊಂದು ವಿಚಿತ್ರವೂ ಕಂಡಿತು: ಔಷಧ ಮುಂದುವರಿಸಿದರೂ ಕಣ ಒಡೆಯುವುದು ತಾನಾಗಿಯೇ ನಿಲ್ಲುತ್ತಿತ್ತು. ಹಳೆಯ ಕಣಗಳು ಸತ್ತಿದ್ದವು, ಉಳಿದ ಎಳೆಯವು ತಡೆದುಕೊಂಡವು. ಕೆಂಪು ಕಣಕ್ಕೆ ನ್ಯೂಕ್ಲಿಯಸ್ ಇಲ್ಲ, ಹೊಸ ಪ್ರೋಟೀನ್ ಮಾಡಿಕೊಳ್ಳಲಾಗದು. ಹುಟ್ಟುವಾಗ ತಂದ ಕಿಣ್ವದಲ್ಲೇ ಸುಮಾರು 120 ದಿನ ದೂಡಬೇಕು. ಇಂಥ ಕಣಗಳಲ್ಲಿ, ಕಣವನ್ನು ಆಕ್ಸಿಡೀಕರಣದ ಹಾನಿಯಿಂದ ಕಾಯುವ ಗ್ಲುಟಾಥಯೋನ್ ಎಂಬ ವಸ್ತುವಿನ ಕೊರತೆಯನ್ನು ಬ್ಯೂಟ್ಲರ್ ತೋರಿಸಿದರು. ಕೊರತೆಯಾದ ಕಿಣ್ವ ಜಿ6ಪಿಡಿ ಎಂದು ಅದೇ ಬಳಗದ ಕಾರ್ಸನ್ ಮತ್ತಿತರರು 1956ರಲ್ಲಿ ಪತ್ತೆಹಚ್ಚಿದರು.

ಈ ಕೊರತೆ ಪತ್ತೆಗೆ ಇಂದಿಗೂ ಬಳಕೆಯಲ್ಲಿರುವ ಫ್ಲೋರೆಸೆಂಟ್ ಸ್ಪಾಟ್ (ಹೊಳೆವ ಚುಕ್ಕೆ) ಪರೀಕ್ಷೆ ಬ್ಯೂಟ್ಲರ್ ಅವರದೇ. ಗ್ಲೂಕೋಸ್-6-ಫಾಸ್ಫೇಟ್, ಎನ್‌ಎಡಿಪಿ, ಬಫರ್, ಕಣ ಒಡೆಯಲು ಸಪೋನಿನ್ ಇರುವ ಸುಮಾರು 100 ಮೈಕ್ರೋಲೀಟರ್ ದ್ರಾವಣಕ್ಕೆ ಹೆಪ್ಪುಗಟ್ಟದಂತೆ ಇಡಿಟಿಎ ಬೆರೆಸಿದ 10 ಮೈಕ್ರೋಲೀಟರ್ ರಕ್ತ. ಬೆರೆಸಿದ ಕೂಡಲೇ ಫಿಲ್ಟರ್ ಪೇಪರ್ ಮೇಲೆ ಒಂದು ಚುಕ್ಕೆ, 5 ಮತ್ತು 10 ನಿಮಿಷಕ್ಕೆ ಒಂದೊಂದು. ಚೆನ್ನಾಗಿ ಒಣಗಿಸಿ, ಕತ್ತಲಲ್ಲಿ ದೀರ್ಘ ತರಂಗದ ನೇರಳಾತೀತ ದೀಪದಡಿ ನೋಡಬೇಕು. ಕಿಣ್ವವಿದ್ದರೆ ಎನ್‌ಎಡಿಪಿಯಿಂದ ಹೊಳೆಯುವ ಎನ್‌ಎಡಿಪಿಎಚ್ ಹುಟ್ಟಿ ಚುಕ್ಕೆ ಹೊಳೆಯುತ್ತದೆ. ದ್ರಾವಣಕ್ಕೆ ಆಕ್ಸಿಡೀಕೃತ ಗ್ಲುಟಾಥಯೋನ್ ಹಾಕುವುದು ಜಾಣತನ: ಅಲ್ಪಸ್ವಲ್ಪ ಕಿಣ್ವವಿರುವ ಕಣದಲ್ಲಿ ಹುಟ್ಟುವ ಚೂರು ಎನ್‌ಎಡಿಪಿಎಚ್ ಅದರಲ್ಲಿ ಖರ್ಚಾಗಿ, ಚುಕ್ಕೆ ಕತ್ತಲಾಗಿಯೇ ಉಳಿಯುತ್ತದೆ. ಪ್ರತಿ ಸರದಿಯಲ್ಲೂ ಒಂದು ನಾರ್ಮಲ್, ಒಂದು ಕೊರತೆಯ ಮಾದರಿ ಜೊತೆಗಿರಲೇಬೇಕು. ಎರಡೂ ಹೊಳೆಯದಿದ್ದರೆ ದ್ರಾವಣ ಕೆಟ್ಟಿದೆ. ತೀವ್ರ ರಕ್ತಹೀನತೆಯಲ್ಲಿ 10 ಮೈಕ್ರೋಲೀಟರ್‌ನಲ್ಲಿರುವ ಕಣಗಳೇ ಕಡಿಮೆ, ಇಲ್ಲದ ಕೊರತೆ ಕಾಣಬಹುದು.

ಮೊದಲಿನ ‘ನಾರ್ಮಲ್’ ವರದಿಗೂ ಉತ್ತರ ಇಲ್ಲೇ. ಕಣಗಳು ಒಡೆದ ಬೆನ್ನಿಗೆ ಮಜ್ಜೆಯಿಂದ ರೆಟಿಕ್ಯುಲೊಸೈಟ್‌ಗಳು (ಎಳೆಯ ಕೆಂಪು ಕಣಗಳು) ನುಗ್ಗಿ ಬರುತ್ತವೆ, ಅವುಗಳಲ್ಲಿ ಕಿಣ್ವ ಹೆಚ್ಚು. ಕೊರತೆಯ ಕಣಗಳು ಪರೀಕ್ಷೆಗೆ ಸಿಗುವುದೇ ಇಲ್ಲ. ಇತ್ತೀಚೆಗೆ ರೋಗಿಗೆ ರಕ್ತ ಏರಿಸಿದ್ದರೆ ದಾನಿಯ ಕಣಗಳೂ ಹೀಗೇ ಮರೆಮಾಚುತ್ತವೆ. ವರದಿ ಓದುವಾಗ ರೆಟಿಕ್ಯುಲೊಸೈಟ್ ಎಣಿಕೆಯನ್ನೂ ನೋಡಿ. ಅನುಮಾನವಿದ್ದರೆ ಸುಮಾರು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿ. ಅಷ್ಟು ಕಾಯಲಾಗದಿದ್ದರೆ ರಕ್ತವನ್ನು ಸೆಂಟ್ರಿಫ್ಯೂಜ್ ಮಾಡಿ, ತಳದಲ್ಲಿ ಕೂರುವ ಭಾರದ ಹಳೆಯ ಕಣಗಳನ್ನಷ್ಟೇ ಪರೀಕ್ಷಿಸುವುದೂ ಒಂದು ದಾರಿ.

ಮುಂದೆ ಬ್ಯೂಟ್ಲರ್ ಸಿಟಿ ಆಫ್ ಹೋಪ್, ಆಮೇಲೆ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಗಳಲ್ಲಿದ್ದು ಗೋಷೆ ಎಂಬ ಆನುವಂಶಿಕ ಕಾಯಿಲೆಯ ಕಿಣ್ವದಿಂದ ಹೇರಿ ಸೆಲ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಕ್ಲಾಡ್ರಿಬಿನ್ ಔಷಧದವರೆಗೆ ಹಲವು ಕಡೆ ಕೈ ಹಾಕಿದರು. ನನಗೆ ಇವೆಲ್ಲಕ್ಕಿಂತ ದೊಡ್ಡದೆನಿಸುವುದು 1962ರ ಕೆಲಸ. ಜಿ6ಪಿಡಿ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಒಂದೇ ದೋಷದ ಪ್ರತಿಯಿರುವ ಹೆಂಗಸಿನಲ್ಲಿ ಎಲ್ಲ ಕಣಗಳೂ ಅರೆಬರೆ ಅಲ್ಲ. ಕೆಲವು ಪೂರ್ತಿ ನಾರ್ಮಲ್, ಕೆಲವು ಪೂರ್ತಿ ಕೊರತೆಯವು ಎಂದು ಅವರ ತಂಡ ತೋರಿಸಿತು. ಸ್ಪಾಟ್ ಪರೀಕ್ಷೆ ಇಂಥ ಮಿಶ್ರಣದ ಸರಾಸರಿಯನ್ನಷ್ಟೇ ಕಾಣುತ್ತದೆ, ಅದೂ ಕಿಣ್ವ ಸುಮಾರು ಶೇ. 30ಕ್ಕಿಂತ ಕೆಳಗಿದ್ದರೆ ಮಾತ್ರ ಹಿಡಿಯುತ್ತದೆ. ಪ್ರೈಮಾಕ್ವಿನ್ ಜಾತಿಯದೇ ಮಲೇರಿಯಾ ಔಷಧ ಟಫೆನೋಕ್ವಿನ್ ಕೊಡಲು ಕಿಣ್ವ ಶೇ. 70ಕ್ಕಿಂತ ಹೆಚ್ಚಿರಬೇಕು. ಆದ್ದರಿಂದ ಆ ಔಷಧಕ್ಕೆ ಮುನ್ನ ಹೊಳೆವ ಚುಕ್ಕೆ ಸಾಲದು, ಕಿಣ್ವವನ್ನು ಅಳೆದೇ ನೋಡಬೇಕು.