ದಂಟಾಗಿ ಸಾಯುವ ಅಮೀಬಾ, ಮೊಟ್ಟೆ ತಿನ್ನುವ ಜೇನುನೊಣ

ಕಾಡಿನ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳನ್ನು ತಿಂದು ಬದುಕುವ ಡಿಕ್ಟಿಯೋಸ್ಟೀಲಿಯಂ ಎಂಬ ಅಮೀಬಾ, ಆಹಾರ ಇರುವಷ್ಟು ಕಾಲ ಒಂಟಿ ಜೀವಿ. ಆಹಾರ ಮುಗಿದಾಗ ಹಸಿದ ಕೋಶಗಳು ಒಂದು ರಾಸಾಯನಿಕವನ್ನು ಸೂಸಿ ಪರಸ್ಪರ ಕರೆಯುತ್ತವೆ. ಸಾವಿರಾರು, ಕೆಲವೊಮ್ಮೆ ಲಕ್ಷದಷ್ಟು ಕೋಶಗಳು ಒಟ್ಟುಗೂಡಿ ಪುಟ್ಟ ಹುಳುವಿನಂತಹ ಮುದ್ದೆಯಾಗಿ ಬೆಳಕಿನತ್ತ ತೆವಳುತ್ತವೆ. ಕೊನೆಗೆ ಆ ಮುದ್ದೆ ಎದ್ದು ನಿಂತು, ಕೂದಲಿನಷ್ಟು ತೆಳುವಾದ ದಂಟಿನ ತುದಿಯಲ್ಲಿ ಬೀಜಕಗಳ ಗುಂಡನ್ನು ಎತ್ತಿ ಹಿಡಿಯುತ್ತದೆ. ದಂಟಾಗುವ ಸುಮಾರು ಶೇ. 20ರಷ್ಟು ಕೋಶಗಳು ಅಲ್ಲಿಯೇ ಸಾಯುತ್ತವೆ. ಅವುಗಳ ಹೆಗಲೇರಿದ ಉಳಿದ ಕೋಶಗಳು ಬೀಜಕಗಳಾಗಿ ಹೊಸ ಜಾಗ ಸೇರಿ ಮತ್ತೆ ಬದುಕು ಆರಂಭಿಸುತ್ತವೆ.

ಈ ಸಾವನ್ನು ಮೊದಲು ಓದಿ ತಿಳಿದಾಗ ನಾನೂ ಇದನ್ನು 'ಗುಂಪಿನ ಒಳಿತಿಗಾಗಿ ಮಾಡಿದ ತ್ಯಾಗ' ಎಂದೇ ಅಂದುಕೊಂಡಿದ್ದೆ. ಆದರೆ ಆ ವಿವರಣೆ ನಿಲ್ಲುವುದಿಲ್ಲ. ದಂಟಾಗಲು ಒಪ್ಪದೆ ಸದಾ ಬೀಜಕದ ಪಾಲನ್ನೇ ಬಾಚಿಕೊಳ್ಳುವ ಒಂದು ಕೋಶ ಹುಟ್ಟಿದರೆ, ಅದರ ಸಂತತಿ ಪ್ರತಿ ಸುತ್ತಿನಲ್ಲಿಯೂ ಹೆಚ್ಚುತ್ತಾ ಹೋಗಿ, ತ್ಯಾಗ ಮಾಡುವವರ ವಂಶವೇ ಅಳಿಯಬೇಕು. ಅಂತಹ ವಂಚಕ ತಳಿಗಳು ನಿಜಕ್ಕೂ ಇವೆ. ಹಾಗಿದ್ದೂ ದಂಟು ಉಳಿದುಬಂದಿದೆಯಲ್ಲ, ಏಕೆ?

ಇದಕ್ಕೆ ನನಗೆ ಅತ್ಯಂತ ಸಮರ್ಪಕವೆನಿಸುವ ಉತ್ತರ, ಬ್ರಿಟನ್ನಿನ ಜೀವವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1964ರಲ್ಲಿ ಮಂಡಿಸಿದ ಲೆಕ್ಕಾಚಾರ. ನೆರವು ಪಡೆದ ಜೀವಿಗೆ ಆಗುವ ಲಾಭವನ್ನು ಇಬ್ಬರ ನಡುವಿನ ರಕ್ತಸಂಬಂಧದ ಪ್ರಮಾಣದಿಂದ ಗುಣಿಸಿದಾಗ ಬರುವ ಮೊತ್ತವು, ನೆರವು ನೀಡಿದ ಜೀವಿಗೆ ಆಗುವ ನಷ್ಟಕ್ಕಿಂತ ಹೆಚ್ಚಿದ್ದರೆ, ನೆರವಾಗುವ ಗುಣ ಮುಂದಿನ ಪೀಳಿಗೆಗಳಲ್ಲಿ ಹರಡುತ್ತದೆ. ಕಾಡಿನ ಮಣ್ಣಿನಲ್ಲಿ ಅಕ್ಕಪಕ್ಕ ಸೇರುವ ಅಮೀಬಾಗಳು ಬಹುಪಾಲು ಒಂದೇ ಕೋಶದಿಂದ ಒಡೆದು ಬಂದವು. ಆದ್ದರಿಂದ ದಂಟಿನಲ್ಲಿ ಸತ್ತ ಕೋಶದ ಜೀನ್‌ಗಳೇ ಮೇಲಿನ ಬೀಜಕಗಳಲ್ಲಿ ಬದುಕಿರುತ್ತವೆ. ವಂಚಕ ತಳಿಗಳಿಗೆ ಇನ್ನೊಂದು ಕುತ್ತೂ ಇದೆ: ಇತರರೊಡನೆ ಬೆರೆತಾಗ ಲಾಭ ಗಿಟ್ಟಿಸುವ ಒಂದು ರೂಪಾಂತರಿ ತಳಿ, ತನ್ನಂತಹವರೇ ತುಂಬಿದ ಗುಂಪಿನಲ್ಲಿ ಬೀಜಕಗಳನ್ನು ಸರಿಯಾಗಿ ರೂಪಿಸಲಾರದು.

ರಕ್ತಸಂಬಂಧವಿಲ್ಲದವರ ನಡುವೆಯೂ ಸಹಕಾರ ಉಂಟು. ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಸಾಯುವ ರಕ್ತಹೀರುವ ಬಾವಲಿಗಳು, ತಾವು ಕುಡಿದ ರಕ್ತವನ್ನು ಹಸಿದ ಜೊತೆಗಾರರಿಗೆ ಕಕ್ಕಿ ಕೊಡುತ್ತವೆ. ಹಿಂದೆ ತಮಗೆ ಕೊಟ್ಟವರಿಗೆ ಹೆಚ್ಚಾಗಿ ಕೊಡುತ್ತವೆ. ದೀರ್ಘಕಾಲ ಜೊತೆಗಿರುವವರ ನಡುವೆ ಇಂತಹ ಕೊಡುಕೊಳ್ಳುವಿಕೆ ಬಾಳುತ್ತದೆ.

ಆದರೆ ಸ್ವಾರ್ಥವೂ ಸಹಕಾರವೂ ಒಂದೇ ಲೆಕ್ಕದ ಎರಡು ಫಲಗಳೆಂಬುದು ನನಗೆ ಸ್ಪಷ್ಟವಾದದ್ದು ಜೇನುಗೂಡಿನಿಂದ. ಕುಟುಕಿದೊಡನೆ ಕೊಂಡಿಯ ಜೊತೆಗೆ ಕರುಳೂ ಹರಿದು ಸಾಯುವ ಕೆಲಸಗಾರ ನೊಣವನ್ನು ನಾವು ತ್ಯಾಗದ ಮೂರ್ತಿಯೆಂದು ಕೊಂಡಾಡುತ್ತೇವೆ. ಅದೇ ನೊಣಕ್ಕೆ ಅಂಡಾಶಯವಿದೆ. ಗಂಡಿನೊಡನೆ ಕೂಡದೆಯೇ ಮೊಟ್ಟೆಯಿಡಬಲ್ಲದು, ಆ ಮೊಟ್ಟೆಯಿಂದ ಗಂಡುನೊಣ ಹುಟ್ಟಬಲ್ಲದು. ಗೂಡಿನಲ್ಲಿ ಕೆಲವು ನೊಣಗಳು ಹಾಗೆ ಇಡುವುದೂ ಉಂಟು. ಆಗ ಇತರ ಕೆಲಸಗಾರ ನೊಣಗಳು ಕೋಣೆಕೋಣೆಯನ್ನೂ ತಡಕಿ, ರಾಣಿಯದಲ್ಲದ ಮೊಟ್ಟೆಗಳನ್ನು ಹುಡುಕಿ ತಿಂದುಬಿಡುತ್ತವೆ. ರಾಣಿ ಹತ್ತಕ್ಕೂ ಹೆಚ್ಚು ಗಂಡುಗಳೊಡನೆ ಕೂಡಿರುವುದರಿಂದ ಕೆಲಸಗಾರ ನೊಣಗಳಲ್ಲಿ ಬಹುತೇಕರು ಬೇರೆ ಬೇರೆ ತಂದೆಯ ಮಕ್ಕಳು. ಹೀಗಾಗಿ ಒಂದು ನೊಣಕ್ಕೆ ರಾಣಿಯ ಮಗ ನಾಲ್ಕರಲ್ಲೊಂದು ಪಾಲು ಸಂಬಂಧಿಯಾದರೆ, ಮಲ ಅಕ್ಕತಂಗಿಯರ ಮಗ ಎಂಟರಲ್ಲೊಂದು ಪಾಲು ಮಾತ್ರ. ತನ್ನ ಸ್ವಂತ ಮಗ ಅರ್ಧ ಪಾಲು. ಮೊಟ್ಟೆಯಿಡುವ ಆಸೆಯೂ, ಇತರರು ಇಟ್ಟದ್ದನ್ನು ತಿಂದುಹಾಕುವ ಕಟ್ಟುನಿಟ್ಟೂ ಒಂದೇ ನೊಣದಲ್ಲಿ ಇರಬಹುದೆಂಬುದನ್ನು ಈ ಮೂರು ಸಂಖ್ಯೆಗಳು ವಿವರಿಸುತ್ತವೆ. ನೊಣಕ್ಕೆ ಗಣಿತ ಗೊತ್ತಿರಬೇಕಿಲ್ಲ. ಈ ಲೆಕ್ಕಕ್ಕೆ ಹೊಂದುವಂತೆ ನಡೆದುಕೊಂಡವರ ಸಂತತಿ ಉಳಿಯಿತು ಎಂದಷ್ಟೇ ಇದರ ಅರ್ಥ.

ರಾಣಿ ಸತ್ತು, ಹೊಸ ರಾಣಿಯನ್ನು ಬೆಳೆಸಲು ಎಳೆಯ ಮರಿಗಳೂ ಇಲ್ಲದ ಗೂಡಿನಲ್ಲಿ ಈ ಕಾವಲು ಕ್ರಮೇಣ ಸಡಿಲವಾಗುತ್ತದೆ. ಕೆಲವು ವಾರಗಳಲ್ಲಿ ಹಲವು ಕೆಲಸಗಾರ ನೊಣಗಳ ಅಂಡಾಶಯಗಳು ಬಲಿತು, ಒಂದೇ ಕೋಣೆಯಲ್ಲಿ ನಾಲ್ಕಾರು ಮೊಟ್ಟೆಗಳು ಕಾಣಿಸತೊಡಗುತ್ತವೆ. ಅವುಗಳಿಂದ ಹೊರಬರುವವರೆಲ್ಲ ಗಂಡುನೊಣಗಳು. ಹೂವಿಗೆ ಹೋಗಿ ಬರುವ ಹೊಸ ಕೆಲಸಗಾರರು ಹುಟ್ಟದೆ ಗೂಡು ದಿನದಿನಕ್ಕೂ ತೆಳುವಾಗುತ್ತದೆ, ಆ ಗಂಡುಗಳು ಮಾತ್ರ ಬೇರೆ ಗೂಡಿನ ರಾಣಿಯರನ್ನು ಅರಸಿ ಹಾರಿಹೋಗುತ್ತವೆ.