'ದಿನವೂ ಬಿಡದೆ ಹೇಗೆ ಮಾಡುತ್ತೀರಿ?' ಎಂಬ ಪ್ರಶ್ನೆಗೆ ನನ್ನ ಉತ್ತರ

ನನ್ನ ಬೆಳಗಿನ ಅಭ್ಯಾಸಗಳನ್ನು ಬಲ್ಲ ಸ್ನೇಹಿತರೂ ಕಚೇರಿಯ ಕಿರಿಯರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಅಫರ್ಮೇಷನ್ (ನಾನು ಹೀಗಿದ್ದೇನೆ ಎಂದು ತನಗೆ ತಾನೇ ಹೇಳಿಕೊಳ್ಳುವ ಮಾತು), ವ್ಯಾಯಾಮ, ಓದು, ಈ ಮೂರನ್ನೂ ದಿನವೂ ಬಿಡದೆ ಹೇಗೆ ಮಾಡುತ್ತೀರಿ ಸರ್? ನಮಗೆ ನಾಲ್ಕನೆಯ ದಿನಕ್ಕೇ ತಪ್ಪಿಹೋಗುತ್ತದೆ." ಪ್ರಶ್ನೆಯಲ್ಲಿರುವ 'ಬಿಡದೆ' ಎಂಬ ಮಾತು ನನ್ನ ಮಟ್ಟಿಗೆ ನಿಜವಲ್ಲವಾದ್ದರಿಂದ ಇದುವರೆಗೆ ನಕ್ಕು ಸುಮ್ಮನಾಗುತ್ತಿದ್ದೆ. ಕಳೆದ ತಿಂಗಳಿನಲ್ಲಿ ಆರು ದಿನ ವ್ಯಾಯಾಮ ತಪ್ಪಿದೆ, ನಾಲ್ಕು ದಿನ ಓದು ತಪ್ಪಿದೆ. ಆದರೂ ಎಂಟು ವರ್ಷಗಳಿಂದ ಈ ಕ್ರಮ ನಡೆದುಕೊಂಡು ಬಂದಿದೆ.

ನನ್ನ ಮೊದಲ ಪ್ರಯತ್ನ ಹೀಗಿರಲಿಲ್ಲ. ಮೈಸೂರಿನವನಾದ ನಾನು ಐದು ಗಂಟೆಗೆ ಎದ್ದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ದಿನವೂ ಹತ್ತಬೇಕು, ಕನ್ನಡಿಯ ಮುಂದೆ ನಿಂತು ಹತ್ತು ಅಫರ್ಮೇಷನ್ ಹೇಳಿಕೊಳ್ಳಬೇಕು, ರಾತ್ರಿ ಮಲಗುವ ಮುನ್ನ ಐವತ್ತು ಪುಟ ಓದಲೇಬೇಕು ಎಂದು ಗೊತ್ತುಮಾಡಿಕೊಂಡಿದ್ದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದಂತೆ ಹದಿನೆಂಟು ದಿನ ನಡೆಯಿತು. ಹತ್ತೊಂಬತ್ತನೆಯ ದಿನ ಮೊಣಕಾಲು ಊದಿಕೊಂಡಿತು. ಮೊಣಕಾಲಿಗೂ ಓದಿಗೂ ಏನೂ ಸಂಬಂಧವಿಲ್ಲದಿದ್ದರೂ ಬೆಟ್ಟದ ಜೊತೆಗೆ ಪುಸ್ತಕವೂ ನಿಂತುಹೋಯಿತು.

ಕನ್ನಡಿಯ ಮುಂದಿನ ಮಾತುಗಳಂತೂ ಅದಕ್ಕೂ ಮೊದಲೇ ನಿಂತಿದ್ದವು, ಮತ್ತು ನಾನು ವಿವರವಾಗಿ ಹೇಳಬೇಕಾದದ್ದು ಅವುಗಳ ಬಗ್ಗೆಯೇ. ಈ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಮುಖ್ಯನಾದವನು ಎಮಿಲ್ ಕುಯೆ (1857-1926) ಎಂಬ ಫ್ರಾನ್ಸಿನ ಔಷಧ ವ್ಯಾಪಾರಿ. ನಾನ್ಸಿ ನಗರದಲ್ಲಿ ತನ್ನ ಬಳಿಗೆ ಬಂದವರಿಗೆ ಅವನು, ದಿನದಿನವೂ ಎಲ್ಲ ವಿಧದಲ್ಲಿಯೂ ನಾನು ಉತ್ತಮಗೊಳ್ಳುತ್ತಿದ್ದೇನೆ ಎಂಬರ್ಥದ ಒಂದೇ ವಾಕ್ಯವನ್ನು ಬೆಳಿಗ್ಗೆ ಎದ್ದ ಕೂಡಲೇ ಮತ್ತು ರಾತ್ರಿ ಮಲಗುವ ಮುನ್ನ ಇಪ್ಪತ್ತು ಸಲ ಹೇಳಿಕೊಳ್ಳುವಂತೆ ಸೂಚಿಸುತ್ತಿದ್ದ. ಎಣಿಕೆ ತಪ್ಪದಿರಲು ಇಪ್ಪತ್ತು ಗಂಟು ಹಾಕಿದ ದಾರ ಇಟ್ಟುಕೊಳ್ಳಿ ಎನ್ನುತ್ತಿದ್ದ. (ನೂರೆಂಟು ಮಣಿಯ ಜಪಮಾಲೆ ಕಂಡ ನಮಗೆ ಇದು ಅಗ್ಗವೇ ಸರಿ.) ನಾನು ಹೇಳಿಕೊಳ್ಳುತ್ತಿದ್ದುದು 'ನಾನು ಆತ್ಮವಿಶ್ವಾಸದಿಂದ ತುಂಬಿದ್ದೇನೆ' ಎಂಬ ಮಾತು. ಹೇಳಿದಷ್ಟು ಸಲವೂ ಒಳಗಿನಿಂದ 'ನಿನ್ನೆ ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲವಲ್ಲ' ಎಂಬ ಉತ್ತರ ಬರುತ್ತಿತ್ತು. ಇದು ನನ್ನೊಬ್ಬನ ದೌರ್ಬಲ್ಯವೆಂದು ತಿಳಿದಿದ್ದೆ. ಆದರೆ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮ ಬಗ್ಗೆ ಮೊದಲೇ ಕೀಳು ಭಾವನೆಯಿದ್ದವರು 'ನಾನು ಪ್ರೀತಿಗೆ ಅರ್ಹನು' ಎಂಬಂತಹ ಮಾತನ್ನು ಹೇಳಿಕೊಂಡ ಮೇಲೆ ಇನ್ನಷ್ಟು ಕುಗ್ಗಿದ್ದು ಕಂಡುಬಂದಿತ್ತು. ಯಾರಿಗೆ ಈ ಮದ್ದು ಬೇಕೋ ಅವರಿಗೇ ಅದು ಒಗ್ಗದು ಎಂದಾಯಿತು.

ದಾರಿ ಸಿಕ್ಕಿದ್ದು ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಪುರೋಹಿತರು ಸಂಕಲ್ಪ ಹೇಳಿಸುವಾಗ, ಅಷ್ಟು ವರ್ಷ ಕೇಳಿಯೂ ಕೇಳದಂತಿದ್ದ ಮಾತುಗಳನ್ನು ಅಂದು ಗಮನವಿಟ್ಟು ಕೇಳಿದೆ. ಭರತಖಂಡದಲ್ಲಿ, ಗೋದಾವರಿಯ ದಕ್ಷಿಣ ತೀರದಲ್ಲಿ, ಇಂಥ ಸಂವತ್ಸರದ ಇಂಥ ಮಾಸ, ಪಕ್ಷ, ತಿಥಿ, ವಾರದಲ್ಲಿ, ಇಂಥ ಗೋತ್ರದ ಇಂಥವನು ಈ ಪೂಜೆಯನ್ನು 'ಕರಿಷ್ಯೇ', ಅಂದರೆ ಮಾಡುತ್ತೇನೆ. ನಾನು ದೊಡ್ಡವನು, ಧೈರ್ಯವಂತ ಎಂಬ ಒಂದು ಮಾತೂ ಅದರಲ್ಲಿಲ್ಲ. ಎಲ್ಲಿ, ಯಾವಾಗ, ಯಾರು, ಏನು ಮಾಡುತ್ತಾರೆ ಎಂಬಷ್ಟೇ ಇದೆ. ಯಾವ ಸಂದರ್ಭದಲ್ಲಿ ಏನು ಮಾಡುವೆನೆಂದು ಮೊದಲೇ ನಿಗದಿಪಡಿಸಿಕೊಂಡ ಉದ್ದೇಶವು ಬರಿಯ ಉದ್ದೇಶಕ್ಕಿಂತ ಹೆಚ್ಚಾಗಿ ಕೈಗೂಡುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ತೋರಿಸಿದ್ದನ್ನು ನಾನು ಓದಿದ್ದು ಆಮೇಲೆ. ಈಗ ನನ್ನ ಅಫರ್ಮೇಷನ್ ಎಂದರೆ ರಾತ್ರಿ ಮಲಗುವ ಮುನ್ನ ಹೇಳಿಕೊಳ್ಳುವ ಒಂದೇ ವಾಕ್ಯ: 'ನಾಳೆ ಬೆಳಿಗ್ಗೆ ಹಾಲು ಕಾಯಿಸಿ ಇಳಿಸಿದ ಕೂಡಲೇ ನಡುಮನೆಯ ಚಾಪೆಯ ಮೇಲೆ ಆರು ಸೂರ್ಯನಮಸ್ಕಾರ ಮಾಡುತ್ತೇನೆ.' ಇದಕ್ಕೆ ಒಳಗಿನಿಂದ ಎದುರುತ್ತರ ಬರುವುದಿಲ್ಲ, ಏಕೆಂದರೆ ಇದರಲ್ಲಿ ಅಲ್ಲಗಳೆಯಬಹುದಾದದ್ದು ಏನೂ ಇಲ್ಲ.

ವ್ಯಾಯಾಮದ ಲೆಕ್ಕವನ್ನು ದಿನದಿಂದ ವಾರಕ್ಕೆ ಬದಲಾಯಿಸಿಕೊಂಡದ್ದೂ ಉಪಕಾರವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕು. ಒಂದೊಂದು ಸಲಕ್ಕೂ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು ಅದರಲ್ಲಿ ಕೈಬಿಟ್ಟಿದ್ದಾರೆ. ಹಾಗಾಗಿ ಮಳೆಗೆ ಎರಡು ದಿನ ತಪ್ಪಿದ ನಡಿಗೆಯನ್ನು ಭಾನುವಾರ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ತುಂಬಿಕೊಳ್ಳುತ್ತೇನೆ.

ಓದಿನ ವಿಷಯದಲ್ಲಿ ಹೇಳುವುದು ಕಡಿಮೆ. ಐವತ್ತು ಪುಟದ ಹಟ ಬಿಟ್ಟು ದಿನಕ್ಕೊಂದು ಕಗ್ಗ ಎಂದು ಆರಂಭಿಸಿದೆ. ಡಿ.ವಿ.ಜಿ.ಯವರ ಆ ಕೃತಿಯಲ್ಲಿ 945 ಪದ್ಯಗಳಿವೆ. ಒಂದು ದಿನವೂ ತಪ್ಪದಿದ್ದರೆ ಎರಡು ವರ್ಷ ಏಳು ತಿಂಗಳಿನಲ್ಲಿ ಮುಗಿಯಬೇಕು. ನನಗೆ ಹಿಡಿದದ್ದು ನಾಲ್ಕು ವರ್ಷ. ಈಗ ಹತ್ತು ಪುಟ ಓದುತ್ತೇನೆ, ಆ ಹೊತ್ತಿನಲ್ಲಿ ಫೋನು ಅಡುಗೆಮನೆಯಲ್ಲಿರುತ್ತದೆ.

ಇನ್ನು ತಪ್ಪಿಹೋಗುವ ವಿಚಾರ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂದು ಕೇಳಿದವರೆಲ್ಲ ಹೇಳುತ್ತಾರೆ. ಆ ಸಂಖ್ಯೆ ಹಬ್ಬಿದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತಿನಿಂದ. ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ ಅಷ್ಟು ದಿನ ಬೇಕೆಂದು ಅವನು ಗಮನಿಸಿದ್ದ. 'ಕನಿಷ್ಠ' ಎಂಬುದು ದಾರಿಯಲ್ಲೆಲ್ಲೋ ಉದುರಿಹೋಯಿತು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ ಲೆಕ್ಕಹಾಕಿದಾಗ ಬಂದ ಮಧ್ಯಮ ಸಂಖ್ಯೆ 66 ದಿನ. ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೆ ವ್ಯತ್ಯಾಸವಿತ್ತು (ಹನ್ನೆರಡು ವಾರ ಮೀರಿದ್ದು ಅಂದಾಜಿನ ಲೆಕ್ಕ). ನನಗೆ ಹಿಡಿಸಿದ್ದು ಅದೇ ಅಧ್ಯಯನದ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂತಹ ಅಡ್ಡಿಯಾಗುವುದಿಲ್ಲ. ಆದ್ದರಿಂದ ಮದುವೆ, ಊರಿನ ಜಾತ್ರೆ, ಜ್ವರ ಬಂದಾಗ ನಾನು ಕೊರಗುವುದಿಲ್ಲ. ಹಾಲು, ಸಿಲಿಂಡರಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕ ಖಾಲಿ ಇರುತ್ತದೆ, ಅಷ್ಟೆ.

ಮೂರರಲ್ಲಿ ಒಂದನ್ನೇ ಆರಂಭಿಸುವುದಾದರೆ ಯಾವುದು ಎಂದು ಮೊನ್ನೆ ನನ್ನ ಅಕ್ಕನ ಮಗ ಕೇಳಿದ. ಅಫರ್ಮೇಷನ್ ಎಂಬ ಉತ್ತರವನ್ನು ಅವನು ನಿರೀಕ್ಷಿಸಿದ್ದನೆಂದು ತೋರುತ್ತದೆ. ನಡಿಗೆ ಎಂದೆ, ಚಪ್ಪಲಿ ಮೆಟ್ಟಿಕೊಳ್ಳುವುದಕ್ಕೆ ಮನಸ್ಸಿನ ಅಪ್ಪಣೆ ಬೇಕಾಗಿಲ್ಲ.